ಹೊಳಿ ಬುಡಕಿನ ಹೊಗಿ

ಗವಿಹಾಳ, ತಾ. ಅಫಜಲಪುರ
೧೮ ನವೆಂಬರ್ ೨೦೨೪

ಸೃಷ್ಟಿ,

'ನಾವು ಕ್ಷೇಮ, ನೀವು ಕ್ಷೇಮವೇ' ಅಂತ ಅರ್ಧ ಹಾಳಿ ತುಂಬ್ಸೂ ಚಟ ನನಗಿಲ್ಲ. ಇಲ್ಲಿ ಕ್ಷೇಮ ಇರಲಿಲ್ಲಂದ್ರ ನಿಮ್ಮವ್ವ ಇಷ್ಟೊತ್ತಿಗೆ ನಿನಗ ಫೋನ್ ಹಚ್ಚಿ ಅತ್ತಿರ್ತಿದ್ಳು.

ಅತ್ತಿ ಫೋನ್ ಬಿಟ್ಟು ಪತ್ರ ಯಾಕ ಬರದಾಳ ಅಂತಿ. ಇಷ್ಟು ವರ್ಷ ಗಿರಣಿ ನಡಿಸಿ ನನ್ನ ಕಿವಿ ಜ್ವಾಳದ ಸಂಗಾಟ ಬೀಸಿ ಹೋಗ್ಯಾವ. ಫೋನಿನ್ಯಾಗ ನೀ ಒದರಬೇಕು, ನಾ ಒದರಬೇಕು, ಓಣಿ ಮಂದಿ ಕೇಳಿ ಖುಷಿ ಪಡಬೇಕು. ಮೆಸೇಜ್ ಕಳಸಿದ್ರ ನಿಮ್ಮವ್ವ ಮೊದಲ ಓದಿ ಆಮ್ಯಾಲ ನನಗ ಹೇಳ್ತಾಳ. ಇದು ನಿಮ್ಮವ್ವ ಓದೂ ಮಾತಲ್ಲ.

ನೀ ಹೈದರಾಬಾದ್ ದವಾಖಾನ್ಯಾಗ ಮಂದಿ ಮಣಕಾಲು ಸೊಂಟ ತಿದ್ದೂ ನೌಕರಿ ಮಾಡ್ತಿ, ಅದು ಬೇಷ್. ಐತವಾರ ಬಂತಂದ್ರ ಗವಿ ಹೊಗೂ ಕ್ಲಬ್ಬಿನವರ ಜೊತಿ ಹಗ್ಗ ಕಟಗೊಂಡು ನೆಲದಾಗ ಇಳೀತಿ ಅಂತ ಕೇಳಿ ನಾ ಬೈದಿದ್ದೆ. 'ಸತ್ತ ಮ್ಯಾಲ ಹ್ಯಾಂಗೂ ಮಣ್ಣಾಗ ಹೋಗೂದದ, ಈಗೇನ್ ಅವಸರ ಬೇ' ಅಂದಿದ್ದೆ. ಆ ಬೈಗಳ ವಾಪಸ್ ತಗೊಂಡೇನಿ. ನಿನ್ನ ಕ್ಲಬ್ಬು ನನಗ ಬೇಕಾಗ್ಯಾದ.

ನಮ್ಮೂರ ಗವಿ ಹಕೀಕತ್ತು ನೀ ಸಣ್ಣಾಕಿದ್ದಾಗ ಅರ್ಧ ಕೇಳಿ ನಿದ್ದಿ ಹೊಡೀತಿದ್ದಿ. ಈಗ ಪೂರಾ ಕೇಳು. ಇಲ್ಲಿ ನಮ್ಮ ದಿಬ್ಬದಾಗ ಶರಣನ ಗವಿ. ಭೀಮಾ ಹೊಳಿ ಆಚಿ ದಂಡಿ, ಜೇವರ್ಗಿ ತಾಲೂಕಿನ ಕೋನಹಾಳದಾಗ ಫಕೀರನ ಗವಿ. ಇಬ್ಬರೂ ಜೀವದ ಗೆಳೆಯರು. ಹೊಳಿ ತುಂಬಿ ಬಂದಾಗ ಶರಣ ಇಲ್ಲಿ ಹೊಕ್ಕು, ಹೊಳಿ ಬುಡಕ ಹಾದು, ಅಲ್ಲಿ ಎದ್ದು ಫಕೀರನ ಒಲಿ ಮುಂದ ಕುಂತು ರೊಟ್ಟಿ ತಿಂದು ಬರ್ತಿದ್ದನಂತ. ಕತ್ತಲದಾಗ ದಾರಿ ತಪ್ಪಬಾರದಂತ ಫಕೀರ ಲೋಬಾನದ ಹೊಗಿ ಹಾಕ್ತಿದ್ದನಂತ. ಅಂದಿನಿಂದ ಎರಡೂ ಊರು ಒಂದ ಒಲಿ ಮಂದಿ, ಅಣ್ಣ ತಂಗಿ ಇದ್ದಂಗ. ಹೆಣ್ಣು ಕೊಡೂದಿಲ್ಲ, ತರೂದಿಲ್ಲ. ಲಿಂಗಾಯತರಿರ್ಲಿ, ಮುಸಲ್ಮಾನರಿರ್ಲಿ, ಬುದ್ಧನ ಮಂದಿ ಇರ್ಲಿ, ಎಲ್ಲಾರಿಗೂ ಒಂದ ಕಟ್ಟು. ವರ್ಷಾ ಭಾರತ ಹುಣ್ಣಿಮಿ ದಿನ ಲೋಬಾನ ಹಾಕಿ, ಉಪಾಸ ಇದ್ದ ಹೆಣಮಗಳೊಬ್ಬಾಕಿ ಗವಿ ಒಳಹೊಸ್ತಿಲ ತನಕ ಹೋಗಿ, ವಾಸನಿ ನೋಡಿ ಬಂದು 'ಬಂತು' ಅಂತಾಳ. ಆಚಿ ಹೊಗಿ ಈಚಿ ಬಂತು, ಸಂಬಂಧ ಗಟ್ಟಿ ಅದ ಅಂತ ಅರ್ಥ. ಯಾರಾದ್ರೂ ಕಟ್ಟು ಮುರಿಯಾಕ ನಿಂತ್ರ ಪಂಚರ ಫೈಸಲಾನೂ ಅದ ದಿನ. ಹೊಗಿ ಬಂದ್ರ ಒಂದ ಒಲಿ, ಬರದಿದ್ರ ಬ್ಯಾರೆ ಒಲಿ.

ಈ ಸಲ ನಿಂತಾಕಿ ಮೈತ್ರಿ. ದಶರಥನ ಮಗಳು. ಗಿರಣಿಯಾಗ ನನ್ನ ಕಿವಿ ಆಗಿ ಕುಂದರ್ತಾಳ, ಗಿರಾಕಿ ಹೇಳಿದ್ದು ನನಗ ಕೈ ಮಾಡಿ ತಿಳಸ್ತಾಳ. ಕೋನಹಾಳದ ಜಗದೇವ ಅನ್ನೂ ಹುಡುಗನ ಮ್ಯಾಲ ಆಕಿ ಜೀವ ಅದ. 'ನಾವು ಬುದ್ಧನ ಮಂದಿ, ನಮಗ ಯಾವ ಗವಿ ಕಟ್ಟು' ಅಂತ ದಶರಥ ಮನಿಯಾಗ ಅಂತಾನ, ಊರಾಗ ಅನ್ನೂದಿಲ್ಲ. ಊರಾಗ ಬಾಳೇ ಮಾಡಬೇಕಲ್ಲ.

ಇನ್ನ ನನ್ನ ಮಾತು. ನಿನಗ ಯಾರೂ ಹೇಳಿರಾಕಿಲ್ಲ. ನಾ ನಿನ್ನಕಿಂತ ಸಣ್ಣಾಕಿದ್ದಾಗ ಘತ್ತರಗಿ ಭಾಗ್ಯವಂತಿ ಗುಡಿಗೆ ಅಮಾಸಿಗೊಮ್ಮೆ ಹೋಗ್ತಿದ್ವಿ. ಅಲ್ಲಿ ಕೋನಹಾಳದ ವಿಶ್ವಾರಾಧ್ಯ ಬರ್ತಿದ್ದ. ನನಗ ದವನದ ಕುಚ್ಚು ಕೊಡ್ತಿದ್ದ, ದವನ ಇರದ ದಿನದಾಗ ಒಣಗಿದ್ದರೇ ಕೊಡ್ತಿದ್ದ. ಮಂದಿನ್ನ ಕಳಿಸಿ ಹೆಣ್ಣು ಕೇಳಿದ. ಪಂಚರು ಹುಣ್ಣಿಮಿಗೆ ಇಟ್ಟರು. ಆಗ ಒಳಗ ಹೋಗೂ ನೇಮ ಇದ್ದ ಗುರಮ್ಮಾಯಿ ಹೋಗಿ ಬಂದು 'ಬಂತು' ಅಂದಳು. ಅಲ್ಲಿಗೆ ಮುಗೀತು. ಅವನಿಗೆ ಮದಿವಿ ಮಾಡಿದ್ರು. ನನಗ ಬಂದ ಗಂಡುಗಳನ್ನೆಲ್ಲ ನಾ ಬಾಗಲದಾಗಿಂದನ ಹೊರಳಿಸಿದೆ. ಗುರಮ್ಮಾಯಿ ತೀರಿದ ಮ್ಯಾಲ ಒಳಗ ಹೋಗೂ ನೇಮ ನನಗ ಬಂತು. 'ಮದಿವಿ ಆಗದಾಕಿ, ಬರೋಬರ್ ಆಗ್ತದ' ಅಂದ್ರು. ನೋಡು, ಊರ ಮಂದಿ ಶಾಣ್ಯಾತನ.

ಭಾರತ ಹುಣ್ಣಿಮಿ ಫೆಬ್ರುವರಿಯಾಗ ಅದ. ಅದರೊಳಗ ನಿನ್ನ ಮಂದಿನ್ನ ಕರಕೊಂಡ ಬಾ. ಎರಡೂ ಗವಿ ಖರೇನ ಕೂಡ್ಯಾವೇನು? ನನಗ ಗೊತ್ತಾಗಬೇಕು.

ನಿನ್ನ ವಿದ್ಯಾ ಅತ್ತಿ


ಹೈದರಾಬಾದ್
೧ ಡಿಸೆಂಬರ್ ೨೦೨೪

ನನ್ನ ಅತ್ತೀ, ಶರಣು ಶರಣಾರ್ಥಿ,

ನಿನಗ ಚಟ ಇಲ್ಲದಿದ್ರೂ ನನಗದ. ನಿನ್ನ ಪತ್ರ ಬಸ್ಸಿನ್ಯಾಗ ಓದಾಕತ್ತಿದ್ದೆ, ಇಳಿಯೂ ಸ್ಟಾಪ್ ದಾಟಿ ಎಲ್ಲಿಗೋ ಹೋದೆ. ಅತ್ತಿ, ಇಷ್ಟು ವರ್ಷ ನಿನ್ನ ಮಗ್ಗಲದಾಗ ಮಲಗಿ ಬೆಳದಾಕಿ ನಾನು. ವಿಶ್ವಾರಾಧ್ಯ ಅನ್ನೂ ಹೆಸರು ನಿನ್ನ ಬಾಯಿಂದ ಒಮ್ಮೆರೇ ಕೇಳಿಲ್ಲ. ನನಗ ಸಿಟ್ಟೂ ಬಂತು, ಅಳೂನೂ ಬಂತು.

ಆಮ್ಯಾಲ, ಬೈಬ್ಯಾಡ, ಖುಷಿ ಆಯ್ತು. ಹೊಳಿ ಬುಡಕ ಹಾದು ಹೋಗೂ ಗವಿ! ನಮ್ಮ ಕ್ಲಬ್ಬಿನ ಸೊಹೇಲಗ ಹೇಳಿದೆ. ಅವನ ನಮ್ಮ ಮುಂದಾಳು, ಹಗ್ಗದ ಗಂಟು ತನ್ನ ಕೈಯಿಂದ ಜಗ್ಗಿ ನೋಡದ ಯಾರನ್ನೂ ಇಳಿಯಾಕ ಬಿಡೂದಿಲ್ಲ. ತಾಟಿನ್ಯಾಗ ಅನ್ನ ಹಂಗ ಬಿಟ್ಟು ನಕ್ಷೆ ಹಾಸಿಕೊಂಡು ಕುಂತ. ಕೋನಹಾಳ ಕಡಿ ಫರಸಿ ಕಲ್ಲಿನ ನೆಲ. ಮಳಿ ನೀರು ಆ ಕಲ್ಲನ್ನ ಸಾವಿರಾರು ವರ್ಷ ನೆಕ್ಕಿ ನೆಕ್ಕಿ ಕರಗಿಸಿ ಒಳಗ ಓಣಿ ಕೊರೀತದ. ಹಿಂತಾ ನೆಲದಾಗ ದೊಡ್ಡ ಗವಿ ಇರ್ಬಹುದು. ನಮ್ಮೂರ ಕಡಿ ಮ್ಯಾಲ ಕರಿ ಕಲ್ಲದ, ಅದು ಕರಗೂ ಪೈಕಿ ಅಲ್ಲ. ಅದರ ಬುಡಕ ಏನದ ಅಂತ ಯಾರೂ ನೋಡಿಲ್ಲ. ಅದಕ್ಕ ನಾ ಈಗ ಹೌದೂ ಅನ್ನಾಕಿಲ್ಲ, ಇಲ್ಲಾನೂ ಅನ್ನಾಕಿಲ್ಲ. ಯಳ್ಳಾಮಾಸಿ ಮುಗದ ಮ್ಯಾಲ ಬರ್ತೇವಿ. ನಿಮ್ಮ ಹೊಲದಾಗ ಭಜ್ಜಿ ರೊಟ್ಟಿ ಉಂಡು ಆಮ್ಯಾಲ ಇಳೀತೇವಿ ಅಂತ ಸೊಹೇಲನ ಕರಾರು.

ಒಂದು ಸವಾಲ್ ಅದ. ಹುಣ್ಣಿಮಿ ದಿನ ಲೋಬಾನ ಹಾಕೂದು ಆಚಿ ಕಡಿ ಮೊದಲೋ, ನಮ್ಮ ಕಡಿ ಮೊದಲೋ? ನೀ ಒಳಗ ಹೋಗೂ ಹೊತ್ತಿಗೆ ನಮ್ಮ ಗವಿಯಾಗೂ ಹೊಗಿ ಇರ್ತದೇನು? ಇದ್ದರ, ನಿನಗ ಬಂದ ವಾಸನಿ ಆಚಿದು ಅಂತ ಹ್ಯಾಂಗ ತಿಳೀತದ?

ನಿನ್ನ ಸೃಷ್ಟಿ


ಗವಿಹಾಳ
೧೪ ಡಿಸೆಂಬರ್ ೨೦೨೪

ಸೃಷ್ಟಿ,

ನಿನ್ನ ಸವಾಲ್ ಓದಿ ನಾ ಗಿರಣಿ ಕಟ್ಟಿ ಮ್ಯಾಲ ಕುಂತಬಿಟ್ಟೆ. ಡಬ್ಬಿ ತುಂಬಿ ಹಿಟ್ಟು ನೆಲಕ್ಕ ಸುರದದ್ದು ಮೈತ್ರಿ ಬಂದು ಭುಜ ಅಲ್ಲಾಡಿಸಿದ ಮ್ಯಾಲ ಗೊತ್ತಾಯ್ತು.

ಎರಡೂ ಕಡಿ ಒಂದ ಹೊತ್ತಿಗೆ ಹಾಕ್ತಾರ ತಂಗೀ. ನಮ್ಮ ಗವಿ ಬಾಗಲದಾಗ ನಾನ ಕೆಂಡಕ್ಕ ಲೋಬಾನ ಹಾಕಿ, ಅದ ಹೊಗಿ ನುಂಗಕೋತ ನಾನ ಒಳಗ ಹೋಗಿ, ಹೊರಗ ಬಂದು ನಾನ 'ಬಂತು' ಅಂತೇನಿ! ಆಚಿ ದಂಡ್ಯಾಗ ಫಕೀರನ ಗವಿ ನೋಡಿಕೊಳ್ಳೂ ಮಲಂಗಸಾಬನೂ ಹಂಗ ಮಾಡಿ 'ಆಯಾ' ಅಂತಾನ. ತಲಿತಲಾಂತರ ಹಿಂಗ ಮಾಡಿಕೋತ ಬಂದೇವಿ. ತನ್ನ ಒಲಿ ಹೊಗಿ ಮೂಸಿ ಮಗ್ಗಲ ಮನ್ಯಾಗ ಅಡಗಿ ಆಗ್ಯಾದ ಅಂದಂಗ ಆಯ್ತಲ್ಲ! ಒಬ್ಬರಿಗೂ ತಲ್ಯಾಗ ಬರಲಿಲ್ಲ. ನನಗೂ ಬರಲಿಲ್ಲ, ಅದ ನನಗ ಉರಿ.

ಮರದಿನ ಶಾಂತಲಿಂಗಪ್ಪ ಗೌಡರ ಮನಿಗೆ ಹೋದೆ. ಅವರ ಈಗ ಪಂಚರಾಗ ಹಿರೇರು.

"ಗೌಡ್ರ, ಎರಡೂ ಕಡಿ ಹೊಗಿ ಹಾಕಿದ್ರ ಯಾರ ಹೊಗಿ ಯಾರಿಗೆ ಮುಟ್ಟತು ಅಂತ ಹ್ಯಾಂಗ ಹೇಳೂದ್ರಿ?"

"ಮುತ್ಯಾರು ಮಾಡಿಕೋತ ಬಂದಾರವಾ ವಿದ್ಯಾವತಿ."

"ಮುತ್ಯಾರಿಗೆ ನೆಪ್ಪು ಹಾರಿರ್ತದ್ರಿ. ಈ ಸಲ ಒಂದ ಕಡಿ ಹಾಕೂಣು. ಕೋನಹಾಳದಾಗ ಹಾಕ್ಲಿ, ನಮ್ಮ ಕಡಿ ಒಂದು ಊದಿನಕಡ್ಡಿ ಸುದ್ದಾ ಹಚ್ಚೂದು ಬ್ಯಾಡ. ನಾ ಖಾಲಿ ಕೈಲೆ ಒಳಗ ಕುಂದರ್ತೇನಿ."

ಗೌಡ್ರು ಮೀಸಿ ತೀಡಿದ್ರು. ಕಡೀಕ ಹೂಂ ಅಂದ್ರು. ಆದ್ರ ಒಂದು ಮಾತು ಹಾಕ್ಯಾರ. ಇದ ಆಖರಿ. ಹೊಗಿ ಬಂತಂದ್ರ ಇನ್ನ ಮುಂದ ಯಾರ ಮಗಳೂ, ಯಾರ ಮಗನೂ ಈ ಸವಾಲ್ ಎತ್ತಬಾರದು. ಮಲಂಗಸಾಬನ ಕಡಿ ಮಂದಿ ಹೋಗಿ ಬಂತು, ಅವನೂ ಒಪ್ಯಾನ.

ಮೈತ್ರಿಗೆ ಹೇಳಿದೆ. ಆಕಿ ನನ್ನ ಕೈ ಗಟ್ಟಿಯಾಗಿ ಹಿಡದು ಏನೋ ಅಂದಳು, ನನಗ ಕೇಳಲಿಲ್ಲ. ಎರಡನೇ ಸಲ ಹೇಳು ಅಂತ ಕೇಳಾಕ ಮನಸಾಗಲಿಲ್ಲ.

ನೀ ಬಾ. ಸೊಹೇಲಗ ಸಜ್ಜಿ ರೊಟ್ಟಿ ಬಡದಿಟ್ಟೇನಿ ಅಂತ ಹೇಳು. ಅತನೂರ ಮ್ಯಾಲ ಬರೂ ಬಸ್ಸು ಹತ್ತಬ್ಯಾಡ್ರಿ, ರಸ್ತಾ ಹೈರಾಣ ಮಾಡ್ತದ.

ವಿದ್ಯಾ ಅತ್ತಿ


ಹೈದರಾಬಾದ್
೧೨ ಜನವರಿ ೨೦೨೫

ಅತ್ತೀ,

ಕೋನಹಾಳದಿಂದ ಹಂಗ ವಾಪಸ್ ಬರಬೇಕಾಯ್ತು, ಡ್ಯೂಟಿ ಇತ್ತು. ನಿನ್ನ ಮುಂದ ಕುಂತು ಹೇಳೂದು ಪತ್ರದಾಗ ಹೇಳಾಕತ್ತೇನಿ.

ನಮ್ಮೂರ ಗವಿ ನೀನ ಕಣ್ಣಾರೆ ನೋಡಿದಿ. ಬಗ್ಗಿಕೋತ ಒಳಹೊಸ್ತಿಲ ತನಕ ಹೋದೆ. ಅಲ್ಲಿಗೆ ದಾರಿ ಮುಗೀತದ, ಮುಂದ ಬಂಡಗಲ್ಲು, ಅದರ ಬುಡದಾಗ ಕೈ ಹೋಗದಷ್ಟು ಸಣ್ಣ ಬಿರಕು. ನನ್ನ ಓಡನಿಯಿಂದ ಒಂದು ನೂಲಿನ ಎಳಿ ಕಿತ್ತು ಬಿರಕಿನ ಮುಂದ ಹಿಡದೆ. ಅಲ್ಲಾಡಿತು. ಗಾಳಿಗೋ ನನ್ನ ಉಸುರಿಗೋ ಗೊತ್ತಾಗಲಿಲ್ಲ.

ಘತ್ತರಗಿ ಸುತ್ತು ಹಾಕಿ ಕೋನಹಾಳಕ್ಕ ಹೋದ ಕೂಡ್ಲೆ ಜಗಳ. ಮಲಂಗಸಾಬ ಗವಿ ಬಾಗಲದಾಗ ಕುಂತು "ಕಾಲಾಗಿಂದು ಬಿಟ್ಟು ಹೋಗ್ರಿ" ಅಂದ. ಸೊಹೇಲ "ಬೂಟ್ ಇಲ್ಲದ ಒಬ್ಬರನ್ನೂ ಒಳಗ ಬಿಡೂದಿಲ್ರಿ ಚಾಚಾ, ಕಲ್ಲು ಬ್ಲೇಡ್ ಇದ್ದಂಗ ಇರ್ತಾವ" ಅಂದ. ಇಬ್ಬರೂ ಹಟಮಾರಿಗಳು. ಚಹಾ ಬಂತು, ಮತ್ತ ಚಹಾ ಬಂತು. ಕಡೀಕ ಮಲಂಗಸಾಬನ ಫೈಸಲಾ ಮಾಡಿದ. ಫಕೀರನ ಹೊಸ್ತಿಲು ದಾಟೂತನಕ ಬೂಟು ತಲಿ ಮ್ಯಾಲ ಹೊತ್ತು ಬರಿಗಾಲಿಲೆ ನಡೀಬೇಕು, ದಾಟಿದ ಮ್ಯಾಲ ಹಾಕ್ಕೋಬೇಕು. ಹೆಲ್ಮೆಟ್ ಮ್ಯಾಲ ಬೂಟು ಹೊತ್ತು ಸಾಲು ಹಿಡದು ಹೊಂಟೇವಿ. ಕೋನಹಾಳದ ಹುಡುಗರು ಇನ್ನೂ ನಗಾಕತ್ತಿರಬೇಕು.

ಒಳಗ ಮೊದಲು ನಮ್ಮ ಪಡಸಾಲಿಯಂಥ ಜಾಗ. ತೊಗಲ ಬಾವಲಿ ಮಾಳಗಿ ತುಂಬ ಜೋತು ಬಿದ್ದಾವ. ದಾಟಿದ್ರ ಇಳಿಜಾರು. ಕಲ್ಲು ಒದ್ದಿ, ನುಣುಪು, ಗ್ವಾಡಿಯಾಗ ನೀರು ಹರದ ಗುರುತು ಮಡಿಕಿ ಮಡಿಕಿ ಸೀರಿ ನಿರಿಗಿ ಹಂಗ. ಮ್ಯಾಲಿಂದ ಸುಣ್ಣದ ಹನಿ ಬಿದ್ದು ಬಿದ್ದು ಕಲ್ಲಿನ ಕೋಡು ಇಳದಾವ. ಒಂದು ಹುಳ ನೋಡಿದೆ, ಬೆಳ್ಳಗ, ಕಣ್ಣ ಇಲ್ಲ ಅದಕ್ಕ. ಉದ್ದ ಮೀಸಿಲೆ ನನ್ನ ಬೆರಳು ಮುಟ್ಟಿ ಮುಟ್ಟಿ ನೋಡ್ತು, ಇವಳ್ಯಾರು ಅಂತ. ನಮಕಿಂತ ಅದಕ್ಕ ಕುತೂಹಲ ಜಾಸ್ತಿ.

ಒಂದ ಕಡಿ ಸೊಹೇಲ ಎಲ್ಲಾರ ದೀಪ ಆರಿಸಿದ. ಅತ್ತಿ, ನಾವು ಮನ್ಯಾಗ ಕರೆಂಟ್ ಹೋದಾಗ ನೋಡೂದು ಕತ್ತಲ ಅಲ್ಲ. ಇಲ್ಲಿ ಕಣ್ಣು ತೆರದೇನೋ ಮುಚ್ಚೇನೋ ಕೈಲೆ ಮುಟ್ಟಿ ನೋಡಬೇಕಾಯ್ತು. ದೀಪ ಮತ್ತ ಹಚ್ಚಿ, ದಿಕ್ಕು ತೋರಿಸೂ ಡಬ್ಬಿ ನೋಡಿ, ನಡದ ದೂರ ಲೆಕ್ಕಾ ಹಾಕಿ ಸೊಹೇಲ ಅಂದ, ಈಗ ನಮ್ಮ ನೆತ್ತಿ ಮ್ಯಾಲ ಹೊಳಿ ಅದ. ಹೆದರಿಕಿ ಆಯ್ತು. ಅದರಕಿಂತ ಹೆಚ್ಚು, ಇನ್ನೂ ಮುಂದ ಹೋಗಬೇಕು ಅನಿಸ್ತು. ಶರಣನೂ ಹಿಂಗ ನಡದಿದ್ನೇನೋ ಅನಿಸ್ತು.

ಮುಂದ ನೀರು. ಕಲ್ಲಿನ ಮಾಳಗಿ ಬಗ್ಗಿ ಬಗ್ಗಿ ನೀರಾಗ ಮುಳುಗ್ಯಾದ. ಅಲ್ಲಿಂದ ಮನಷ್ಯಾ ಹೋಗಾಕ ಆಗೂದಿಲ್ಲ. ಆದ್ರ ನೀರಿನ ಮ್ಯಾಲ, ಮಗ್ಗಲದಾಗ, ಒಂದು ಬಿರಕದ. ಅಲ್ಲಿ ನೂಲಿನ ಎಳಿ ಹಿಡದೆ, ಉಸುರು ಬಿಗಿ ಹಿಡದು. ಎಳಿ ಬಿರಕಿನ ಒಳಗ ಬಾಗಿ ನಿಂತಿತು. ಗಾಳಿ ಎಲ್ಲಿಗೋ ಹೋಗಾಕತ್ತದ, ಮತ್ತ ಅದು ಹೋಗೂದು ನಿಮ್ಮ ದಿಕ್ಕಿಗೆ. ಗಾಳಿ ನಡುವ ಎಲ್ಲೆರೇ ಮ್ಯಾಲ ಎದ್ದು ಹೊಲದಾಗ ಹೊರಬೀಳ್ತಿರಬಹುದು, ನಿಮ್ಮ ಗವಿತನಕ ಬರ್ತಿರಲೂ ಬಹುದು. ನಮ್ಮ ನಕ್ಷೆ ಗೆರಿ ಹೊಳಿ ನಡುವ ಬಂದು ನಿಂತದ. ನಿನಗ ಹೌದೋ ಇಲ್ಲೋ ಒಂದು ಹೇಳ್ತೇನಿ ಅಂತ ಬಂದಿದ್ದೆ, ಆಗಲಿಲ್ಲ. ಬೇಜಾರಾಗ್ಯಾದ.

ಅಂದಂಗ, ಚಹಾ ಕೊಟ್ಟವರು ವಿಶ್ವಾರಾಧ್ಯ ಕಾಕಾ. ಅವರ ಮನಿಯವರು ಮಾಡಿ ಕಳಿಸಿದ್ರು. ಕಿಟ್ಲಿ ಹಿಡಕೊಂಡು ನಿಂತು, "ನಿಮ್ಮ ಅತ್ತಿ ಇನ್ನೂ ಗಿರಣಿ ನಡಸ್ತಾರೇನ್ರಿ?" ಅಂತ ಕೇಳಿದ್ರು. ಹೌದ್ರಿ ಅಂದೆ. ನನ್ನ ಕಪ್ಪಿಗೆ ಮತ್ತ ಚಹಾ ಸುರದ್ರು.

ಸೃಷ್ಟಿ


ಗವಿಹಾಳ
೨೪ ಜನವರಿ ೨೦೨೫

ಸೃಷ್ಟಿ,

ಕಣ್ಣಿಲ್ಲದ ಹುಳದ ಬಗ್ಗೆ ಅಷ್ಟುದ್ದ ಬರದಿ, ವಿಶ್ವಾರಾಧ್ಯನ ಬಗ್ಗೆ ಕಡೀಕ ನಾಕ ಸಾಲು. ಕೂದಲು ಹಣ್ಣಾಗ್ಯಾವೋ? ಬಗ್ಗಿ ನಡೀತಾನೋ? ಚಹಾಕ್ಕ ಸಕ್ಕರಿ ಬಹಳ ಹಾಕಿದ್ರೋ? ದವಾಖಾನ್ಯಾಗ ಮಂದಿ ನಡಿಗಿ ನೋಡೂ ನೌಕರಿ ನಿಂದು, ಒಂದು ನೋಟ ನೋಡಬಾರದಿತ್ತೇನು?

ಇರಲಿ. ಬೇಜಾರಾಗಬ್ಯಾಡ. ನೋಡಿದ್ದು ನೋಡಿದಷ್ಟ ಹೇಳಿದಿ, ಅದು ಛಲೋ ಆಯ್ತು. ನಿನ್ನ ಕೈಲೆ ಆಗದ್ದು ಈಗ ನನ್ನ ಮೂಗಿಗೆ ಬಂತು.

ಇಲ್ಲಿ ಊರಾಗ ಬ್ಯಾರೆ ಮಾತ ಇಲ್ಲ. ನಿಮ್ಮವ್ವ ಆಳಂದಕ್ಕ ತವರಮನಿಗೆ ಹೋದಾಕಿ ಜಿಡಗಾ ಮಠಕ್ಕೂ ಹೋಗಿ, 'ಎಲ್ಲಾ ಸುಸೂತ್ರ ಆಗ್ಲಿ ಅಂತ ಬೇಡಿಕೊಂಡೇನಿ' ಅಂತ ಬಂದಾಳ. ಯಾವುದು ಸುಸೂತ್ರ ಅಂತ ಕೇಳಿದ್ರ ಆಕಿಗೂ ಗೊತ್ತಿಲ್ಲ.

ನನಗೂ ಗೊತ್ತಿಲ್ಲ, ಅದ ಹೇಳಾಕ ಕುಂತೇನಿ. ಹೊಗಿ ಬರಲಿಲ್ಲಂದ್ರ ಮೈತ್ರಿ ಗೆದ್ದಳು. ಆದ್ರ ನನ್ನ ಗತಿ? ನಡುವ ಗ್ವಾಡಿ ಇದ್ದೂ, ಏನೂ ಕೂಡದಿದ್ದೂ, ಗುರಮ್ಮಾಯಿ ತನ್ನ ಕೈಲೆ ಹಾಕಿದ ಹೊಗಿ ತಾನ ಮೂಸಿ ನನ್ನ ಬಾಳೇ ಹಾಳು ಮಾಡಿದಳು ಅಂದಂಗಾತು. ಚಿಮಟಿಗಿ ಲೋಬಾನಕ್ಕ ಒಂದು ಜನ್ಮ. ಹೊಗಿ ಬಂತಂದ್ರ, ನಾ ಕಳಕೊಂಡದ್ದಕ್ಕ ಒಂದು ಕಾರಣರೇ ಇತ್ತು ಅಂತ ಸಮಾಧಾನ ಆಗ್ತದ. ಆದ್ರ ಮೈತ್ರಿ ನನ್ನಂಗ ಗಿರಣಿಯಾಗ ಕುಂದರ್ತಾಳ.

ನನ್ನ ಮನಸಿನ್ಯಾಗ ಒಂದು ಮುದುಕಿ 'ಬರಲಿ' ಅಂತದ. ಖರೆ ಹೇಳ್ತೇನಿ, ಅಂತದ. ನಿನ್ನೆ ಮೈತ್ರಿ ನನಗ ಜ್ವಾಳ ಹಸನ ಮಾಡಿ ಕೊಡಾಕತ್ತಿದ್ದಳು, ಆಕಿ ಮುಖ ನೋಡಿ ನನಗ ನಾಚಿಕಿ ಆಯ್ತು. 'ಏನಾಗ್ತದವಾ ವಿದ್ಯಮ್ಮಾ' ಅಂತ ಕಿವಿಯಾಗ ಒದರಿ ಕೇಳಿದಳು. 'ಹೊಟ್ಟಿ ತುಂಬ ಉಣ್ಣು, ಹುಣ್ಣಿಮಿ ಬರಲಿ' ಅಂದೆ. ಬ್ಯಾರೆ ಏನ್ ಹೇಳಲಿ?

ನೀ ಆ ದಿನ ಇಲ್ಲಿ ಬರಬ್ಯಾಡ. ಕೋನಹಾಳಕ್ಕ ಹೋಗು, ಅಲ್ಲೇ ನಿಲ್ಲು. ಹೊಗಿ ಖರೇನ ಹಾಕಿದ್ರು ಅಂತ ನೋಡೂ ನಮ್ಮ ಮಂದಿ ಒಬ್ಬರಿರಬೇಕು. ಮುಂಜಾನಿ ಹಾಕೂದು, ಹೊತ್ತು ನೆತ್ತಿಗೆ ಬರೂತನಕ ನಾ ಒಳಗ ಕುಂದರೂದು ಅಂತ ಠರಾವ ಆಗ್ಯಾದ.

ವಿದ್ಯಾ ಅತ್ತಿ


ಹೈದರಾಬಾದ್
೧೬ ಫೆಬ್ರುವರಿ ೨೦೨೫

ಅತ್ತೀ,

ಮೊದಲ ನೀ ಕೇಳಿದ್ದು. ಕೂದಲು ಪೂರಾ ಬೆಳ್ಳಗಾಗ್ಯಾವ. ಬಗ್ಗಿ ನಡ್ಯಾಂಗಿಲ್ಲ, ಎಡಗಾಲು ಜರಾ ಎಳೀತಾರ. ಸಕ್ಕರಿ ಬಹಳ ಇತ್ತು.

ಇನ್ನ ಹುಣ್ಣಿಮಿ ದಿನದ್ದು. ಮಲಂಗಸಾಬ ಕೆಂಡದ ಧೂಪದಾನಿ ಹಿಡದು ನಮ್ಮ ಮುಂದ ನಡದ. ಟೋಪಿಗಿ ಮ್ಯಾಲ ಸೊಹೇಲ ಹೆಲ್ಮೆಟ್ ಹಾಕಿಸಿದ, ಬ್ಯಾಡಂದ್ರೂ ಕೇಳಲಿಲ್ಲ. ಬೂಟಿನ ಸೇಡು ತೀರಿಸಿಕೊಂಡ ಅನಕೋ. ಪಡಸಾಲಿಯಂಥ ಜಾಗದಾಗ ಧೂಪದಾನಿ ಇಟ್ಟು ಮುಟಗಿ ಮುಟಗಿ ಲೋಬಾನ ಹಾಕಿದ. ಊರ ಹಿರೇರಾಗ ವಿಶ್ವಾರಾಧ್ಯ ಕಾಕಾನೂ ಒಳಗ ಬಂದಿದ್ರು. ಎಲ್ಲಾರೂ ಹಿಂದ ಸರದಾಗ ಅವರು ಅಂಗಿ ಕಿಸೆದಿಂದ ಏನೋ ಒಣಗಿದ ಎಲಿ ತಗದು ಕೆಂಡದ ಮ್ಯಾಲ ಉದರಿಸಿದ್ರು. ಮಲಂಗಸಾಬ "ಯೇ ಕ್ಯಾ ರೇ" ಅಂತ ಗುರ್ ಅಂದ. ಕಾಕಾ "ಇರಲಿ ಬಿಡು" ಅಂದ್ರು. ಕಮ್ಮನ ವಾಸನಿ ಬಂತು, ಲೋಬಾನದ್ದಲ್ಲ.

ಅತ್ತಿ, ಮುಂದಿನ ಮಾತು ನಾ ಸೊಹೇಲಗೂ ಒಡದು ಹೇಳಿಲ್ಲ. ಹೊಗಿ ಹೊರಗ ಬಾಗಲ ಕಡಿ ಬರಬೇಕಲ್ಲ, ಬರಲಿಲ್ಲ. ಮೆತ್ತಗ ಹೊಳ್ಳಿ, ನೆಲಕ್ಕ ಹತ್ತಿಕೊಂಡು, ಇಳಿಜಾರಿನ್ಯಾಗ ಒಳಗ ಹೋತು. ಯಾರೋ ಆ ಕಡಿಯಿಂದ ಎಳಕೊಳ್ಳಾಕತ್ತಂಗ. ನಾ ದೀಪ ಹಿಡದು ನೋಡಿಕೋತ ನಿಂತೆ. ಇದು ಮುಟ್ಟತದ, ಮೈತ್ರಿ ಸೋತಳು ಅನಕೊಂಡೆ.

ಹೊರಗ ಬಂದು ಕುಂತೇವಿ. ಹೊತ್ತು ನೆತ್ತಿಗೆ ಬಂದ ಮ್ಯಾಲ ದಶರಥ ಕಾಕಾನ ಫೋನ್ ಬಂತು. "ಬರಲಿಲ್ಲಂತ! ವಿದ್ಯಮ್ಮ ಹೊರಗ ಬಂದು ಬರಲಿಲ್ಲ ಅಂದ್ರು!" ಅಂತ ಅಳಕೋತ ಒದರಾಕತ್ತಿದ್ರು. ಜಗದೇವ ಕುಂತಲ್ಲೆ ಕುಂತ. ಅವನ ಗೆಳೆಯರು ಅವನ್ನ ಎತ್ತಿಕೊಂಡು ಕುಣದ್ರು. ಮಲಂಗಸಾಬ ಹೆಲ್ಮೆಟ್ ತಗದು ತೊಡಿ ಮ್ಯಾಲ ಇಟಗೊಂಡು "ಅಚ್ಛಾ, ಹಂಗಿದ್ರ ಹಂಗ" ಅಂದ. ವಿಶ್ವಾರಾಧ್ಯ ಕಾಕಾ ಧೂಪದಾನಿ ಬೂದಿ ಜಾಡಿಸಿ ಮನಿಗೆ ಹೋದ್ರು. ಮಾರಿ ಸಣ್ಣ ಮಾಡಿಕೊಂಡಿದ್ರು ಅನಿಸ್ತು ನನಗ.

ನಾ ಖುಷಿ ಪಟ್ಟೆ, ಮೈತ್ರಿಗೆ ಫೋನ್ ಮಾಡಿ ಇಬ್ಬರೂ ಅತ್ತೇವಿ. ಆದ್ರ ಬಸ್ಸು ಹತ್ತಿದ ಮ್ಯಾಲೆ ಆ ಹೊಗಿ ಒಳಗ ಸರದದ್ದ ಕಣ್ಣಾಗ ಕುಂತದ. ಅದು ಎಲ್ಲಿಗೆ ಹೋತು? ಸೊಹೇಲ ನಕ್ಷೆ ಮುಗಿಸಿ ಗವಿ ಹುಡುಕೂ ಮಂದಿಯ ದೊಡ್ಡ ಸಂಘಕ್ಕ ಕಳಸಬೇಕಂತಾನ. ಹೊಳಿ ಬುಡಕ ಹಾಯೂ ಗವಿ ಅಂದ್ರ ನಮ್ಮ ದೇಶದಾಗ ದೊಡ್ಡ ಸುದ್ದಿ. ನಡುವಿನ ಗೆರಿ ನಿಮ್ಮ ಗವಿತನಕ ಎಳೀಲೋ, ಹೊಳ್ಯಾಗ ನಿಂದ್ರಿಸಲೋ? ನನಗೊಬ್ಬಾಕಿಗೆ ಖರೆ ಹೇಳು.

ಸೃಷ್ಟಿ


ಗವಿಹಾಳ
೫ ಮಾರ್ಚ್ ೨೦೨೫

ಸೃಷ್ಟಿ ತಂಗೀ,

ಮೊದಲ ಶುಭ ವರ್ತಮಾನ. ಯುಗಾದಿ ಮುಗದ ಮ್ಯಾಲ ಮೈತ್ರಿ ಮದಿವಿ. ಕೋನಹಾಳದ ಮಂದಿ ಬಂದು ಸೀರಿ ನೋಡಿ ಹೋದ್ರು. ಇನ್ನೂ ಎರಡು ಮನ್ಯಾಗ ಹಿಂತಾದ ಮಾತುಕತಿ ಎದ್ದಾವ, ಇಷ್ಟು ದಿನ ಮುಚ್ಚಿಟಗೊಂಡು ಕುಂತಿದ್ರು ಅನಸ್ತದ. ಗಿರಣಿಗೆ ಹೊಸ ಹುಡುಗಿ ಹುಡುಕಾಕತ್ತೇನಿ. ಕೈ ಮಾಡಿ ಹೇಳೂದು ಮೈತ್ರಿ ಕಲಿಸಿ ಹೋಗ್ತಾಳಂತ.

ಇನ್ನ ಪತ್ರ ಓದಿ ಒಲಿಗೆ ಹಾಕು.

ಆ ದಿನ ಒಳಗ ಹೋಗಿ ಕುಂತೆ. ಅಷ್ಟು ವರ್ಷ ಹೋಗೇನಿ, ಹೊಗಿ ಇಲ್ಲದ ಒಂದ ದಿನಾನೂ ಕುಂತಿರಲಿಲ್ಲ. ಮೊದಲ ಏನೂ ಇಲ್ಲ, ಬರೇ ಒದ್ದಿ ಕಲ್ಲಿನ ವಾಸನಿ. ಗುರಮ್ಮಾಯಿ ಮ್ಯಾಲ ಎಷ್ಟು ಸಿಟ್ಟು ಬಂತಂದ್ರ, ಸತ್ತಾಕಿನ್ನ ಹೆಸರು ಹಿಡದು ಬೈದೆ. ನನಗ ಕೇಳಂಗಿಲ್ಲ, ಆಕಿಗೂ ಕೇಳಂಗಿಲ್ಲ, ಬೈಯಾಕ ಛಲೋ ಜಾಗ. ಆಮ್ಯಾಲ ಸಣ್ಣಗ ಲೋಬಾನ ಬಂತು. ಹೋದ ವರ್ಷದ್ದು ಕಲ್ಲಿಗೆ ಹತ್ತಿಕೊಂಡಿರಬೇಕಂತ ಮನಸಿಗೆ ಸಮಾಧಾನ ಹೇಳಿದೆ. ಬಿರಕಿಗೆ ಮೂಗು ಹಚ್ಚಿ ಕುಂತೆ.

ಆಗ ದವನ ಬಂತು, ತಂಗೀ.

ನಮ್ಮ ಗವಿಯಾಗ ಯಾರೂ ಯಾವತ್ತೂ ದವನ ಸುಟ್ಟಿಲ್ಲ. ಒಣಗಿದ ದವನ ಸುಟ್ಟ ವಾಸನಿ. ನೀ ಅವನ ಕಿಸೆದ ಎಲಿ ಸುದ್ದಿ ಬರಿಯೂ ಮೊದಲ ನನಗ ಅದು ಯಾರ ಕೈಯಿಂದ ಬಿತ್ತು ಅಂತ ಗೊತ್ತಾಗಿತ್ತು. ಹುಚ್ಚ. ಹೊಗಿ ಬಂದ್ರ ಹುಡುಗಿ ಬಾಳೇ ಹೋಗ್ತದ ಅಂತ ಗೊತ್ತಿದ್ದೂ, ಇದು ನನ್ನ ತನಕ ಮುಟ್ಟತದೋ ಇಲ್ಲೋ ನೋಡಬೇಕು ಅನಿಸ್ಯಾದ ಅವನಿಗೆ. ನನಗ ಅನಿಸಿದ್ದೂ ಅದ, ಬೈಯಾಕ ಬಾಯಿಲ್ಲ. ಅಲ್ಲೇ ಕುಂತು ಅತ್ತೆ. ಅಳು ಮುಗದ ಮ್ಯಾಲ ನಗಿ ಬಂತು. ಕೂಡ್ಯಾವ ಗವಿ. ಹೊಳಿ ಬುಡಕ ದಾರಿ ಅದ. ನಾ ಕಳಕೊಂಡದ್ದು ಸುಳ್ಳಿಗೆ ಅಲ್ಲ.

ಹೊರಗ ಬಂದೆ. ಬಿಸಲಿಗೆ ಕಣ್ಣು ಕಟ್ಟಿ ಏನೂ ಕಾಣಲಿಲ್ಲ. ಗೌಡ್ರು "ಏನಾಯ್ತವಾ?" ಅಂದದ್ದು ಅವರ ತುಟಿ ಮ್ಯಾಲ ಓದಿದೆ. 'ಬಂತು' ಅನ್ನೂ ಮಾತು ನಾಲಗಿ ತುದಿಗೆ ಬಂದಿತ್ತು, ಇಷ್ಟು ವರ್ಷ ಅಂದು ಅಂದು ರೂಢಿ ಆಗ್ಯಾದಲ್ಲ. ಆಗ ಮೈತ್ರಿ ಕಂಡಳು. ಆಕಿ ನನ್ನ ಕಡಿ ನೋಡದ ನೆಲ ನೋಡಿಕೋತ ನಿಂತಿದ್ದಳು. ನಾನೂ ಹಂಗ ನಿಂತಿದ್ದೆ, ಅದ ಬೇವಿನ ಗಿಡದ ಬುಡಕ.

ನನಗ ಒಮ್ಮೆಗೆ ಒಂದು ವಿಚಾರ ಬಂತು. ಗಾಳಿ ಕೂಡ್ತು ಅಂದ್ರ ಮಂದಿ ಅಣ್ಣ ತಂಗಿ ಆಗ್ತಾರೇನು? ಹಂಗಿದ್ರ ಈ ಹೊಳಿ ನೀರು ಕುಡಿದವರೆಲ್ಲ ಆಗ್ಬೇಕಲ್ಲ, ಸೀಮಿಯಾಗ ಒಂದು ಮದಿವಿ ಆಗಬಾರದಲ್ಲ. ಶರಣ ಗೆಳೆಯನ್ನ ನೋಡಾಕ ನೆಲ ಹೊಕ್ಕು ಹೋದ. ಕೂಡಾಕಂತ ಇದ್ದ ದಾರಿ ಅದು. ಅಗಲಿಸೂದಕ್ಕ ಕಟ್ಟು ಮಾಡಿದವರು ಮಂದಿ. ಗುರಮ್ಮಾಯಿ ಸುಳ್ಳು ಹೇಳಿರಲಿಲ್ಲ, ಆದ್ರ ಆಕಿ ಸುಳ್ಳು ಹೇಳಬೇಕಿತ್ತು.

"ಬರಲಿಲ್ರಿ ಗೌಡ್ರ" ಅಂದೆ. ಗಟ್ಟಿಯಾಗಿ ಅಂದೆ, ನನಗೂ ಕೇಳಿಸ್ತು.

ನಕ್ಷೆ ಗೆರಿ ಸುಮ್ಮ ಹೊಳ್ಯಾಗ ನಿಂದ್ರಸು. ಮೈತ್ರಿಗೊಂದು ಕೂಸಾಗಿ, ಅದು ಎರಡೂ ದಂಡಿಗೆ ಓಡ್ಯಾಡಿ ಆಡೂದು ಕಲತ ಮ್ಯಾಲ ನಮ್ಮ ಗವಿತನಕ ಎಳಿ, ಅಡ್ಡಿ ಇಲ್ಲ. ನಿನ್ನ ದೊಡ್ಡ ಸುದ್ದಿ ಎಲ್ಲೂ ಹೋಗೂದಿಲ್ಲ, ಕಲ್ಲಿನ್ಯಾಗ ಅದ. ಅಷ್ಟರಾಗ ಯಾರಾದ್ರೂ ಕೇಳಿದ್ರ ಮುದುಕಿಗೆ ಆ ದಿನ ನೆಗಡಿ ಆಗಿತ್ತು ಅನ್ನು.

ಮದಿವಿಗೆ ನೀ ಬರಾಕಿ. ಕೋನಹಾಳಕ್ಕೂ ಹೋಗಾಕಿ. ಅಲ್ಲಿ ವಿಶ್ವಾರಾಧ್ಯ ಮಾರಿ ಸಣ್ಣ ಮಾಡಿಕೊಂಡು ಕುಂತಿದ್ದರ ಮಗ್ಗಲಕ್ಕ ಕರದು, ಮಂದಿ ಇಲ್ಲದಾಗ, ನನ್ನ ಮಾತು ಒಂದ ಹೇಳು. ಬಂತು ಅಂತ ಹೇಳು.

ನಿನ್ನ ವಿದ್ಯಾ ಅತ್ತಿ